ಡೆಲ್ಬರ್ಟ್ ಹಾಕಲಾ ಐದು ಇಂಚು ತಪ್ಪಿದ ದಿನ

ಏಪ್ರಿಲ್ ತಿಂಗಳ ಮೊದಲ ಶುಕ್ರವಾರ, ಬೆಳಿಗ್ಗೆ ಎಂಟೂಕಾಲಿಗೆ, ಡೆಲ್ಬರ್ಟ್ ಹಾಕಲಾ ಕಟ್ಟಿದ ಅರವತ್ತನಾಲ್ಕನೆಯ ಗಾಲಿಕುರ್ಚಿಯ ರ‍್ಯಾಂಪು ನೆಲ ಮುಟ್ಟದೆ ಗಾಳಿಯಲ್ಲಿ ನಿಂತಿತು. ತುದಿಗೂ ನೆಲಕ್ಕೂ ನಡುವೆ ಐದು ಇಂಚು ಸಂದು. ಒಂದು ಅಳಿಲು ಬಂದು ನಮ್ಮನ್ನೊಮ್ಮೆ ನೋಡಿ, ಬಾಲ ತಗ್ಗಿಸದೆ ಆ ಸಂದಿನಲ್ಲಿ ದಾಟಿಹೋಯಿತು. ನಾವು ಐದು ಜನ ಸ್ವಯಂಸೇವಕರು ಸುತ್ತಿಗೆ ಹಿಡಿದು, ಸಾವಿನ ಮನೆಗೆ ಬಂದವರ ಹಾಗೆ ನಿಂತೆವು.

ಅದು ಆರ್ಲೀನ್ ಸ್ತಾರ್ಕೊವಿಚ್ ಮನೆ. ಆರ್ಲೀನ್‌ಗೆ ಎಂಬತ್ತೊಂದು. ಮೂವತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಹೆಮಟೈಟ್ ಎಂಬ ನಮ್ಮ ಗಣಿ ಊರಿನಲ್ಲಿ ಎಪ್ಪತ್ತರ ಒಳಗಿನವರೆಲ್ಲ ಅವಳ ಕನ್ನಡಿಯಲ್ಲಿ ಕಾಣುತ್ತಿದ್ದ ಎರಡು ಕಣ್ಣಿಗೆ ಹೆದರಿ ಬೆಳೆದವರು. ಈಗಲೂ ಅವಳು ಎದುರಾದರೆ ಮೇಯರು ಬಾಯಲ್ಲಿದ್ದ ಚ್ಯೂಯಿಂಗ್ ಗಮ್ ನುಂಗಿಬಿಡುತ್ತಾನೆ. ಜನವರಿಯಲ್ಲಿ ಸಕ್ಕರೆ ಕಾಯಿಲೆ ಅವಳ ಎಡಗಾಲನ್ನು ಮೊಣಕಾಲಿನವರೆಗೆ ತೆಗೆದುಕೊಂಡಿತು. ಆರೈಕೆ ಕೇಂದ್ರದಲ್ಲಿ ಅವಳಿಗೆ ಕೊಟ್ಟ ದಿನಗಳು ಈ ಶುಕ್ರವಾರಕ್ಕೆ ಮುಗಿಯುತ್ತಿದ್ದವು. ಮಧ್ಯಾಹ್ನ ಮೂರಕ್ಕೆ ವ್ಯಾನು ಅವಳನ್ನು ಮನೆಗೆ ತರಬೇಕು. ಅಷ್ಟರೊಳಗೆ ಕೌಂಟಿಯ ನರ್ಸ್ ಕೆಂಡ್ರಾ ಬಂದು ರ‍್ಯಾಂಪು ಪರೀಕ್ಷಿಸಿ ಸಹಿ ಹಾಕಿರಬೇಕು. ಸಹಿ ಇಲ್ಲವೋ, ವ್ಯಾನು ಇಲ್ಲಿಂದ ನೇರ ಅರವತ್ತು ಮೈಲಿ ಆಚೆಯ ವೃದ್ಧರ ಆಸ್ಪತ್ರೆಗೆ. ಅಲ್ಲಿ ಅವಳ ಹೆಸರಿನಲ್ಲಿ ಒಂದು ಹಾಸಿಗೆ ಇವತ್ತೊಂದು ದಿನ ಕಾಯುತ್ತದೆ. ಆ ಕಟ್ಟಡಕ್ಕೆ ನಮ್ಮೂರಿನಿಂದ ಈವರೆಗೆ ಹನ್ನೊಂದು ಜನ ಹೋಗಿದ್ದಾರೆ. ಹನ್ನೊಂದು ಜನವೂ ವಾಪಸು ಬಂದಿದ್ದಾರೆ, ಹೂವಿನ ಕೆಳಗೆ ಮಲಗಿ.

"ಡೆಲ್," ಎಂದ ಕ್ಲಿಫ್ ಬಿಯಾಂಕಿ, ಪಿಸುಮಾತಿನಲ್ಲಿ. ಕ್ಲಿಫ್ ನಿವೃತ್ತ ಕ್ಷೌರಿಕ. ಪಿಸುಮಾತು ಅವನಿಗೆ ಒಗ್ಗದ ವಿದ್ಯೆ. "ನೆಲ ಎಲ್ಲಿಗೆ ಹೋಯ್ತಪ್ಪಾ?"

ಡೆಲ್ಬರ್ಟ್ ಮಂಡಿಯೂರಿ ನೆಲವನ್ನು ಬೆರಳಿನಿಂದ ಒತ್ತಿದ. ಕೆಸರು. ಫೆಬ್ರವರಿಯಲ್ಲಿ ಅವನೇ ಬಂದು, ಅವನೇ ಬಾಗಿ, ಹೊಸ್ತಿಲಿಂದ ನೆಲದವರೆಗೆ ಎರಡು ಸಲ ಅಳೆದಿದ್ದ. ಇಪ್ಪತ್ತನಾಲ್ಕು ಇಂಚು. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ ಎನ್ನುವುದು ರ‍್ಯಾಂಪಿನ ಶಾಸ್ತ್ರ. ಆದ್ದರಿಂದ ಇಪ್ಪತ್ತನಾಲ್ಕು ಅಡಿ. ಚರ್ಚಿನ ನೆಲಮಾಳಿಗೆಯಲ್ಲಿ ಆರು ವಾರ ಕೂತು ತುಂಡು ತುಂಡಾಗಿ ಕಟ್ಟಿದೆವು. ಆದರೆ ಫೆಬ್ರವರಿಯಲ್ಲಿ ಅವನು ನಿಂತದ್ದು ನೆಲದ ಮೇಲಲ್ಲ. ನವೆಂಬರಿನಿಂದ ತುಳಿದು, ಕಾರು ಹರಿದು, ಸಿಮೆಂಟಿನಷ್ಟು ಗಟ್ಟಿಯಾದ ಹಿಮದ ಮೇಲೆ. ನಮ್ಮ ಕಡೆ ಐದು ತಿಂಗಳು ಅದನ್ನೇ ನೆಲ ಎನ್ನುತ್ತೇವೆ. ಅದರ ಮೇಲೆ ನಡೆಯುತ್ತೇವೆ, ಜಾರುತ್ತೇವೆ, ಅದಕ್ಕೇ ಬೈಯುತ್ತೇವೆ. ಅದರ ಕೆಳಗೆ ಬೇರೊಂದು ನೆಲವಿದೆ ಎಂಬುದು ಏಪ್ರಿಲ್‌ವರೆಗೆ ನೆನಪಿಗೆ ಬರುವುದಿಲ್ಲ. ಕಳೆದ ವಾರ ಬಿಸಿಲು ಬಿತ್ತು. ಐದು ಇಂಚು ಕರಗಿ ಚರಂಡಿಗೆ ಹೋಯಿತು.

"ನನ್ನ ತಪ್ಪು," ಎಂದ ಡೆಲ್ಬರ್ಟ್.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಈ ಮಾತನ್ನು ಅವನ ಬಾಯಲ್ಲಿ ಕೇಳಿದವರು ಹೆಮಟೈಟಿನಲ್ಲಿ ಇರಲಿಲ್ಲ.

ಯಾಕೆಂದರೆ ಡೆಲ್ಬರ್ಟ್ ತಪ್ಪು ಮಾಡುತ್ತಿರಲಿಲ್ಲ. ಗಣಿ ಕೆಲಸಗಾರನ ನಾಲ್ಕನೆಯ ಮಗ. ಇಪ್ಪತ್ತನೆಯ ವಯಸ್ಸಿಗೆ ಸೇನೆ ಚೀಟಿ ಕಳಿಸಿ ಕರೆಯಿತು, ವಿಯೆಟ್ನಾಮಿಗೆ ಕಳಿಸಿತು, ಕೈಗೆ ಬಂದೂಕಿಗಿಂತ ಹೆಚ್ಚಾಗಿ ಸ್ಪ್ಯಾನರ್ ಕೊಟ್ಟಿತು. ಅವನ ತುಕಡಿಯ ಕೆಲಸ ಹೊಳೆಗೆ ತೇಲುಸೇತುವೆ ಹಾಕುವುದು. ಒಂದು ಹೊಳೆಯಲ್ಲಿ ಕಿರಿಯ ಅಧಿಕಾರಿ ಆಳ ಆರಡಿ ಎಂದ. ಡೆಲ್ಬರ್ಟ್ ಹಿಡಿದ ಗಳ ಒಂಬತ್ತು ಎನ್ನುತ್ತಿತ್ತು. ಹುಡುಗ ಡೆಲ್ಬರ್ಟ್ ಬಾಯಿ ಮುಚ್ಚಿಕೊಂಡ. ಮೂರನೆಯ ಲಾರಿ ಮಗುಚಿತು. ಚಾಲಕನ ಹೆಸರು ಓಟಿಸ್. ಇಷ್ಟನ್ನೇ ಅವನು ಒಮ್ಮೆ ಕಾಫಿ ಕುಡಿಯುತ್ತಾ ಹೇಳಿದ್ದ, ಆಮೇಲೆ ಲೋಟ ತೊಳೆದಿಟ್ಟು ಮನೆಗೆ ಹೋಗಿದ್ದ.

ವಾಪಸು ಬಂದವನು ಸೈನಿಕರಿಗೆ ಸಿಗುವ ನೆರವಿನಲ್ಲಿ ಇಂಜಿನಿಯರಿಂಗ್ ಓದಿ, ಕೌಂಟಿಯ ರಸ್ತೆ ಇಲಾಖೆ ಸೇರಿ, ಮೂವತ್ತೊಂದು ವರ್ಷ ನಮ್ಮ ಮೋರಿ, ಸೇತುವೆಗಳನ್ನು ಆಳಿದ. ಅವನು ಕಟ್ಟಿದ್ದು ಯಾವುದೂ ಬೀಳಲಿಲ್ಲ. ಬೇಕೆಂದರೂ ಕೆಡವಲಾಗಲಿಲ್ಲ. ಅವನು ಹಕ್ಕಿಗಳಿಗೆಂದು ಮಾಡಿದ ಗೂಡನ್ನು ಇಳಿಸಲು ಕ್ರೇನ್ ತರಿಸಬೇಕಾಯಿತು. ಹೆಂಡತಿ ಲೋಯಿಸ್‌ಗೆ ಕಾಲು ಸೋತಾಗ ಮೊದಲ ರ‍್ಯಾಂಪನ್ನು ಸ್ವಂತ ಮನೆಗೆ ಕಟ್ಟಿದ. ಮೂರು ಸಲ ನಕ್ಷೆ ತಿದ್ದಿದ್ದರಿಂದ ಅದು ಮುಗಿಯುವಾಗ ಲೋಯಿಸ್ ಹೋಗಿ ಹನ್ನೊಂದು ದಿನವಾಗಿತ್ತು. ಅಂದಿನಿಂದ ಈ ಕೌಂಟಿಯಲ್ಲಿ ಯಾರ ಕಾಲು ಸೋತರೂ ಡೆಲ್ಬರ್ಟ್ ತನ್ನ ಹಳೆಯ ಪಿಕಪ್ಪಿನಲ್ಲಿ ಮರ ಹೇರಿಕೊಂಡು ಪ್ರತ್ಯಕ್ಷ. ನಾವು ಅವನ ಸೈನ್ಯ: ಮಂಡಿನೋವಿನ ಪದಾತಿ, ಒಂದು ಕಾಫಿ ಫ್ಲಾಸ್ಕು, ಕ್ಲಿಫ್‌ನ ಬಾಯಿ.

"ಕೊನೇ ತುಂಡನ್ನ ಸ್ವಲ್ಪ ಕಡಿದಾಗಿ ಬಗ್ಗಿಸಿಬಿಟ್ರೆ?" ಎಂದ ಕ್ಲಿಫ್. "ಐದಿಂಚು ತಾನೇ. ಯಾರು ನೋಡ್ತಾರೆ?"

"ಗಾಲಿಕುರ್ಚಿ ನೋಡುತ್ತೆ."

"ಜಲ್ಲಿ ಸುರಿದು ನೆಲಾನೇ ಎತ್ತರಿಸಿದ್ರೆ?"

"ಆ ಜಲ್ಲಿಯಿಂದ ಇಳಿಯೋಕೆ ಇನ್ನೊಂದು ರ‍್ಯಾಂಪ್ ಬೇಕು, ಕ್ಲಿಫ್."

ಇಪ್ಪತ್ತೊಂಬತ್ತು ಇಂಚಿಗೆ ಇಪ್ಪತ್ತೊಂಬತ್ತು ಅಡಿ. ಇನ್ನೂ ಐದಡಿ ಬೇಕು. ಮರವಿತ್ತು, ಡೆಲ್ಬರ್ಟ್ ಯಾವಾಗಲೂ ಬೇಕಾದ್ದರ ಒಂದೂವರೆ ಪಾಲು ತರುತ್ತಾನೆ. ಜಾಗವಿರಲಿಲ್ಲ. ಐದಡಿ ಮುಂದೆ ಹೋದರೆ ಆರ್ಲೀನಳ ಜಮೀನಿನ ಗಡಿ, ಗಡಿಯ ಮೇಲೆ ಪಕ್ಕದ ಮನೆಯ ರೇನೋ ಕಂಗಾಸನ ಸೌದೆಯ ಗೋಡೆ. ಇಳಿದ ಗಾಲಿಕುರ್ಚಿ ತಿರುಗಲು ಮತ್ತೆ ಐದಡಿ ಸಮತಟ್ಟು ಬೇಕು. ಅದು ಪೂರ್ತಿ ಸೌದೆಯ ಅಡಿಯಲ್ಲಿತ್ತು.

ಸೌದೆ ಎಂದರೆ ಏನೋ ಅಂದುಕೊಳ್ಳಬೇಡಿ. ಇಪ್ಪತ್ತಡಿ ಉದ್ದ, ಆಳೆತ್ತರ, ಮೂರು ಸಾಲು. ಅಷ್ಟೂ ಬರ್ಚ್ ಮರ, ರೇನೋನ ಶನಿವಾರದ ಸೌನಾಗೆ, ಆ ಬಿಸಿ ಹಬೆಸ್ನಾನದ ಕೋಣೆಗೆ. ತೊಗಟೆ ಮೇಲೆ ಬರುವಂತೆ ಒಂದೊಂದನ್ನೂ ತಿರುಗಿಸಿ, ಇಲಿ ಓಡಬಹುದು, ಇಲಿಯ ಹಿಂದೆ ಬೆಕ್ಕು ಓಡಬಾರದು ಎಂಬ ಲೆಕ್ಕದಲ್ಲಿ ಸಂದು ಬಿಟ್ಟು ಜೋಡಿಸಿದ್ದ. ನಮ್ಮ ಫಿನ್ನಿಷ್ ಜನ ಮಗಳನ್ನು ಕೊಡುವ ಮೊದಲು ಹುಡುಗನ ಸೌದೆ ನೋಡುತ್ತಾರೆ. ರೇನೋನ ಸೌದೆಗೆ ಮೂರು ಹೆಣ್ಣು ಸಿಗಬಹುದಿತ್ತು. ಅವನ ಬಾಯಿಂದಾಗಿ ಒಂದೂ ಉಳಿಯಲಿಲ್ಲ.

ರೇನೋ ಮತ್ತು ಆರ್ಲೀನ್ ಮಾತು ಬಿಟ್ಟು ಹತ್ತೊಂಬತ್ತು ವರ್ಷ. ಅವನು ಹಿಮ ಊದುವ ಯಂತ್ರದಿಂದ ತನ್ನ ಅಂಗಳದ ಹಿಮವನ್ನೆಲ್ಲ ಅವಳ ಅಡುಗೆಮನೆಯ ಕಿಟಕಿಗೆ ಊದಿದ. ಅವಳು ಅಷ್ಟನ್ನೂ ಸಲಿಕೆಯಲ್ಲಿ ಹೊತ್ತು ಅವನ ಸೌನಾ ಬಾಗಿಲಿಗೆ ತುಂಬಿದಳು, ಅವನು ಒಳಗಿರುವಾಗ.

ಒಂಬತ್ತಕ್ಕೆ ಡೆಲ್ಬರ್ಟ್ ಅವನ ಬಾಗಿಲು ತಟ್ಟಿದ. ನಾವು ಹಿಂದೆ ಅರ್ಧಚಂದ್ರಾಕಾರದಲ್ಲಿ ನಿಂತೆವು. ರೇನೋ ಕಾಫಿ ಲೋಟ ಹಿಡಿದು ಹೊರಬಂದ, ಅರವತ್ತೊಂಬತ್ತು ವರ್ಷದ ಕುಳ್ಳ ದೇಹ, ಕೆಂಪು ಚೌಕಳಿ ಅಂಗಿ.

"ಓಹೋ, ಇಂಜಿನಿಯರ್ ಸಾಹೇಬ್ರು! ನನ್ನ ಬಾಗಿಲಿಗೆ! ಯಾವ ಸೇತುವೆ ಬಿತ್ತು?"

ಡೆಲ್ಬರ್ಟ್ ವಿಷಯ ಹೇಳಿದ. ರೇನೋ ಒಂದು ಗುಟುಕು ಕುಡಿದ.

"ಆ ಯಮ್ಮ ನನ್ನ ಕೇಳಲಿ. ಅವಳ ಬಾಯಲ್ಲೇ. ಅಲ್ಲೀವರೆಗೆ ಸೂಜಿಮೊನೆಯಷ್ಟು ನೆಲಾನೂ ಇಲ್ಲ."

ಐದು ಊರು ಕೇಳಿದವರಿಗೇ ಈ ಉತ್ತರ ಸಿಕ್ಕಿತ್ತಂತೆ. ನಾವು ಕೇಳಿದ್ದು ಐದು ಅಡಿ.

ಡೆಲ್ಬರ್ಟ್ ಆರೈಕೆ ಕೇಂದ್ರಕ್ಕೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಹಿಡಿದ. ಆರ್ಲೀನ್ ಆಗಲೇ ಕೋಟು ಹಾಕಿಕೊಂಡು ಕೂತಿದ್ದಾಳೆ ಎಂದು ನರ್ಸು ಹೇಳಿದಳು. ಬೆಳಿಗ್ಗೆ ಆರರಿಂದ.

"ಆರ್ಲೀನ್ ಮೇಡಂ, ಒಂದು ಮಾತು. ರೇನೋನ ಹತ್ರ ನೀವೊಂದು ಸಲ..."

"ಯಾರು? ಕಂಗಾಸ್ ಹುಡುಗನಾ?"

"ಸೌದೆ ಸ್ವಲ್ಪ ಸರಿಸು ಅಂತ."

ಆ ಕಡೆ ಯಾರೋ ಟ್ರೇ ಇಡುವ ಸದ್ದು.

"ಡೆಲ್ಬರ್ಟ್, ಆ ಹಾಸಿಗೆ ಇರೋ ಊರು ಎಷ್ಟು ದೂರ?"

"ಅರವತ್ತು ಮೈಲಿ."

"ಆ ರಸ್ತೆ ನಂಗೆ ಗೊತ್ತು. ಒಳ್ಳೇ ರಸ್ತೆ." ಫೋನ್ ಇಟ್ಟಳು.

ರೇನೋ ಬಾಗಿಲ ಚೌಕಟ್ಟಿಗೆ ಒರಗಿದ್ದ. ಅವಳ ದನಿ ಕೇಳಿ ಅವನ ಮುಖದ ಒಂದು ಕಡೆ ಸ್ವಲ್ಪ ಇಳಿಯಿತು. ಆದರೆ ಫಿನ್ನಿಷ್ ಹಟ ಮುಖದ ಮೇಲೆ ವಾಸ ಮಾಡುವುದಿಲ್ಲ, ಇನ್ನೂ ಒಳಗೆ. ಗಡಿಯಾರ ಹತ್ತು ದಾಟಿತು. ಕ್ಲಿಫ್ ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

"ಅವಳು ನಿನ್ನನ್ನ ಏನೂ ಕೇಳ್ತಿಲ್ಲ, ರೇನೋ," ಎಂದ ಡೆಲ್ಬರ್ಟ್. "ಕೇಳ್ತಿರೋದು ನಾನು. ತಪ್ಪು ಅಳೆದವನು ನಾನು."

"ಏನಂದೆ?"

"ತಪ್ಪು ನನ್ನದು."

"ಇವರಿಗೆ ಕೇಳಿಸಲಿಲ್ಲ, ನೋಡು. ಜೋರಾಗಿ."

"ತಪ್ಪು ನನ್ನದು!"

ರೇನೋ ಕಣ್ಣು ಮುಚ್ಚಿ, ರುಚಿಯಾದದ್ದೇನೋ ಬಾಯಲ್ಲಿ ಕರಗಿದಂತೆ ತಲೆಯಾಡಿಸಿದ. ಆಮೇಲೆ ಕಣ್ಣು ತೆರೆದ. ಈಗ ಅವನು ನಗುತ್ತಿರಲಿಲ್ಲ.

"ಸರಿ. ಮತ್ತೆ ಆ ಪೋಸ್ಟ್ ಡಬ್ಬ?"

ಇದು ಹಳೆಯ ಗಾಯ, ಊರಿಗೆಲ್ಲ ಗೊತ್ತು. ರೇನೋ ಕೌಂಟಿಯ ಹಿಮ ಬಾಚುವ ಲಾರಿ ಓಡಿಸುತ್ತಿದ್ದ, ಡೆಲ್ಬರ್ಟ್‌ನ ಕೈಕೆಳಗೆ. ತೊಂಬತ್ತಾರರ ಚಳಿಗಾಲದಲ್ಲಿ ಲಾರಿಯ ಅಲಗು ಡೆಲ್ಬರ್ಟ್ ಮನೆ ಮುಂದಿನ ಪೋಸ್ಟ್ ಡಬ್ಬಕ್ಕೆ ಬಡಿಯಿತು. ಬೇರೆಯವರ ಡಬ್ಬವಾದರೆ ಹಾರಿಹೋಗುತ್ತಿತ್ತು. ಇದು ರೈಲುಕಂಬಿಗೆ ಕಾಂಕ್ರೀಟ್ ತುಂಬಿ ನೆಟ್ಟದ್ದು. ಡಬ್ಬಕ್ಕೆ ಗೀರೂ ಬೀಳಲಿಲ್ಲ. ಲಾರಿ ತಿರುಚಿ ಹಳ್ಳಕ್ಕೆ ಹೋಯಿತು. ತನಿಖೆ ಮಾಡಿದ ಅಧಿಕಾರಿ ಡೆಲ್ಬರ್ಟ್, ಡಬ್ಬದ ಮಾಲೀಕನೂ ಡೆಲ್ಬರ್ಟ್. ಅದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಡೆಲ್ಬರ್ಟ್ ಸುಳ್ಳು ಬರೆಯುತ್ತಾನೆಯೇ? 'ಚಾಲಕನ ಅಜಾಗರೂಕತೆ' ಎಂದು ಬರೆದ. ರೇನೋನನ್ನು ಎರಡು ವಾರ ಮನೆಯಲ್ಲಿ ಕೂರಿಸಿದರು. ಆ ವಸಂತದಲ್ಲಿ ಬರಬೇಕಿದ್ದ ಮೇಸ್ತ್ರಿ ಹುದ್ದೆ ಬೇರೆಯವನಿಗೆ ಹೋಯಿತು, ಮತ್ತೆ ಬರಲೇ ಇಲ್ಲ. ಇಪ್ಪತ್ತೆಂಟು ವರ್ಷದಿಂದ ರೇನೋ ಕುಡಿದಾಗಲೆಲ್ಲ ಡಬ್ಬದ ವಿಷಯ ಎತ್ತುತ್ತಿದ್ದ. ನಾವು ನಗುತ್ತಿದ್ದೆವು.

"ಲೇ ರೇನೋ," ಎಂದ ಕ್ಲಿಫ್, "ಅದನ್ನ ಈಗ ಯಾಕೋ ಮಾರಾಯ! ಇಲ್ಲಿ ಟೈಮ್ ಇಲ್ಲ..."

ಡೆಲ್ಬರ್ಟ್ ಕೈ ಎತ್ತಿ ಕ್ಲಿಫ್‌ನನ್ನು ನಿಲ್ಲಿಸಿದ. ಅವನ ಕಿವಿ ಕೆಂಪಾಗಿತ್ತು. ಎಪ್ಪತ್ತಾರು ವರ್ಷದ ಎತ್ತರದ ಮನುಷ್ಯ ನಮ್ಮೆದುರಿಗೇ ಸ್ವಲ್ಪ ಗಿಡ್ಡವಾದ.

"ಡಬ್ಬ ರಸ್ತೆಯಿಂದ ಇರಬೇಕಾದ ದೂರಕ್ಕಿಂತ ಎಂಟು ಇಂಚು ಹತ್ತಿರ ಇತ್ತು," ಎಂದ. "ನೆಡುವಾಗ ಬಂಡೆ ಅಡ್ಡ ಬಂತು. ಆಚೆ ಅಗೆಯೋಕೆ ಸೋಮಾರಿತನ. ನೀನು ಸರಿಯಾದ ಜಾಗದಲ್ಲೇ ಓಡಿಸ್ತಿದ್ದೆ. ಮಾರನೇ ದಿನ ಅಳೆದಾಗ ನನಗೆ ಗೊತ್ತಾಯ್ತು. ಆದ್ರೂ ಹಾಗೆ ಬರೆದೆ."

ನಾನು ನನ್ನ ಬೂಟು ನೋಡಿಕೊಂಡೆ. ಇಷ್ಟು ವರ್ಷ ನಕ್ಕ ನಗೆಗಳೆಲ್ಲ ತೀರಿಸದ ಸಾಲದ ಹಾಗೆ ವಾಪಸು ಬಂದವು.

ರೇನೋ ಕೂಗಾಡುತ್ತಾನೆ ಎಂದುಕೊಂಡೆವು. ಅವನು ಉಳಿದ ಕಾಫಿಯನ್ನು ಹುಲ್ಲಿಗೆ ಚೆಲ್ಲಿದ. "ಎಂಟು ಇಂಚು," ಎಂದ ತನ್ನಷ್ಟಕ್ಕೆ. "ನಾನು ಆರು ಅಂದ್ಕೊಂಡಿದ್ದೆ." ಒಳಗೆ ಹೋದ. ಬಾಗಿಲು ಮುಚ್ಚಿತು. ಒಂದು ನಿಮಿಷ, ಎರಡು, ಐದು. ಎಲ್ಲ ಮುಗಿಯಿತು ಎಂದು ಕ್ಲಿಫ್ ಸುತ್ತಿಗೆಯನ್ನು ಡಬ್ಬಿಗೆ ಹಾಕಿದ. ಆಗ ಬಾಗಿಲು ತೆರೆಯಿತು. ರೇನೋ ಚರ್ಮದ ಕೈಗವಸು ಹಾಕಿಕೊಂಡಿದ್ದ.

"ನನ್ನ ಸೌದೆ ಯಾರೂ ಮುಟ್ಟಕೂಡದು," ಎಂದ.

ಹನ್ನೊಂದು ಗಂಟೆಗೆ ಆರಂಭವಾದ ಆ ಕಾರ್ಯದ ವೇಗವನ್ನು ವರ್ಣಿಸಲು ಬಸವನಹುಳುವನ್ನು ಅವಮಾನಿಸಬೇಕಾಗುತ್ತದೆ. ಗೋಡೆಯ ನಡುವೆ ದಾರಿ ಬಿಡಿಸಿದರೆ ಎರಡೂ ಕಡೆ ಕುಸಿಯುತ್ತದೆ. ಆದ್ದರಿಂದ ಸಂದಿನ ಎರಡು ಅಂಚಿಗೂ ಅಡ್ಡ-ಉದ್ದ ಪೇರಿಸಿ ಕಂಬ ಕಟ್ಟಬೇಕು. ರೇನೋ ಒಂದು ತುಂಡು ತೆಗೆಯುತ್ತಿದ್ದ, ಅದರ ತೊಗಟೆ ಸವರುತ್ತಿದ್ದ, ಹಿಂದೆ ಒಯ್ದು ಇಡುತ್ತಿದ್ದ, ತೃಪ್ತಿಯಾಗದೆ ತಿರುಗಿಸುತ್ತಿದ್ದ. ಅವನ ಬಲಭುಜ ಮೇಲೇಳುತ್ತಿರಲಿಲ್ಲ. ಐದು ಜನ ಆಳುಗಳು ಕೈಕಟ್ಟಿ ನಿಂತೆವು. ಯಾರದೋ ಮನೆಯವರು ತಂದ ಪೊಟೀತ್ಸ, ಅಕ್ರೋಟು ತುಂಬಿ ಸುತ್ತಿದ ಬ್ರೆಡ್ಡು, ತಟ್ಟೆಯಲ್ಲಿ ಹಾಗೇ ಒಣಗಿತು. ಹನ್ನೆರಡಾಯಿತು. ಅರ್ಧವೂ ಆಗಿರಲಿಲ್ಲ.

ಹನ್ನೆರಡೂವರೆಗೆ ರೇನೋ ಭುಜ ಹಿಡಿದುಕೊಂಡು ನಿಂತ.

"ನೀನು," ಎಂದ ಡೆಲ್ಬರ್ಟ್‌ಗೆ. "ನೀನೊಬ್ಬ ಬಾ. ನಾನು ತೋರಿಸ್ತೀನಿ, ನೀನು ಇಡು. ಹೇಳಿದ ಹಾಗೆ."

ಅಲ್ಲಿಂದ ನಡೆದದ್ದನ್ನು ನೋಡಲು ದೇವತೆಗಳು ಬಂದಿರಬೇಕು, ನಮಗಂತೂ ರೋಮಾಂಚನ. "ತೊಗಟೆ ಮೇಲೆ!... ಮೇಲೆ ಅಂದ್ರೆ ಆಕಾಶದ ಕಡೆ, ಸಾಹೇಬ್ರೇ!... ಎಲ್ಲಿ ಕಲಿತ್ರಿ, ಯೂನಿವರ್ಸಿಟೀಲಾ?... ಅದನ್ನ ತೆಗಿ. ಮತ್ತೆ ಇಡು." ಮೂವತ್ತೊಂದು ವರ್ಷ ಕೌಂಟಿಯನ್ನು ಆಳಿದವನು ಬಾಗಿ, ಎತ್ತಿ, ಇಟ್ಟ. ಒಂದು ಮಾತು ಎದುರಾಡಲಿಲ್ಲ. ಒಂದೂಕಾಲಿಗೆ ಗೋಡೆಯಲ್ಲಿ ಎಂಟಡಿ ಅಗಲದ ಬಾಗಿಲು ತೆರೆಯಿತು.

ನಾವು ಮುಗಿಬಿದ್ದೆವು. ಗರಗಸ ಕೂಗಿತು, ಹಲಗೆ ಬಿದ್ದವು. ಎರಡಕ್ಕೆ ಕೆಂಡ್ರಾಳ ಕಾರು ಬಂತು. ಎರಡೂಕಾಲಿಗೆ ರ‍್ಯಾಂಪಿನ ತುದಿ ನೆಲಕ್ಕೆ ತಾಗಿತು. ಕ್ಲಿಫ್ ಚಪ್ಪಾಳೆ ತಟ್ಟಿದ. ಕೆಂಡ್ರಾ ಪೆನ್ನು ತೆಗೆದಳು.

"ತಡೀರಿ," ಎಂದ ಡೆಲ್ಬರ್ಟ್.

ಅವನು ತುದಿಯ ಬಳಿ ಹೊಟ್ಟೆಯ ಮೇಲೆ ಮಲಗಿದ್ದ. ಹಾರೆಯಿಂದ ನೆಲವನ್ನು ಕುಟ್ಟಿದ. ಠಣ್ ಎಂದಿತು. ಇನ್ನೊಂದು ಕಡೆ ಕುಟ್ಟಿದ. ಠಣ್.

"ಡೆಲ್, ಬೇಡ," ಎಂದ ಕ್ಲಿಫ್. "ದಮ್ಮಯ್ಯ, ಬೇಡ."

"ಸೌದೆ ನೆರಳಲ್ಲಿ ಕರಗೇ ಇಲ್ಲ. ಇದೂ ಐಸೇ. ಮೇ ತಿಂಗಳಿಗೆ ತುದಿ ಮತ್ತೆ ಗಾಳಿಯಲ್ಲಿರುತ್ತೆ."

"ಮೇ ತಿಂಗಳಿಗೆ ಸರಿ ಮಾಡೋಣ! ಈಗ ಸಹಿ ಆಗ್ಲಿ!"

ಕೆಂಡ್ರಾ ಪೆನ್ನು ಹಿಡಿದೇ ಇದ್ದಳು. ಅವಳ ಮಟ್ಟಗೋಲಿಗೆ ಐಸೂ ಒಂದೇ, ಮಣ್ಣೂ ಒಂದೇ. ಅವನು ಸುಮ್ಮನಿದ್ದಿದ್ದರೆ ಆ ಕ್ಷಣಕ್ಕೆ ಎಲ್ಲ ಮುಗಿಯುತ್ತಿತ್ತು. ಡೆಲ್ಬರ್ಟ್ ತಲೆ ಎತ್ತಿ ಅವಳನ್ನು ನೋಡಿದ.

"ಬರೀಬೇಡಿ, ಮೇಡಂ. ಇನ್ನೂ ಸರಿಯಿಲ್ಲ."

ತುದಿಯ ತುಂಡನ್ನು ಕಿತ್ತೆವು. ಎರಡು ಇಂಚು ಐಸು ಒಡೆದ ಮೇಲೆ ಕಪ್ಪು ಮಣ್ಣು ಸಿಕ್ಕಿತು. ಮೂವತ್ತೊಂದು ಇಂಚು, ಮೂವತ್ತೊಂದು ಅಡಿ. ರ‍್ಯಾಂಪು ಈಗ ರೇನೋನ ಜಮೀನಿನೊಳಗೆ ಎರಡಡಿ ಕಾಲು ಚಾಚಬೇಕು.

"ಐದಡಿ ಅಂದಿದ್ದೆ," ಎಂದ ರೇನೋ.

"ಏಳು ಬೇಕು. ಇದೂ ನನ್ನ ತಪ್ಪೇ."

"ಒಂದೇ ದಿನ ಮೂರು!" ರೇನೋ ಆಕಾಶ ನೋಡಿದ. "ನಮ್ಮಮ್ಮ ಇರಬೇಕಿತ್ತು." ಆಮೇಲೆ ಯಾರೂ ಕೇಳದೆಯೇ ಇನ್ನೊಂದು ಹಾರೆ ತಂದು ತಿರುಗುವ ಜಾಗದ ಐಸನ್ನು ಒಂದೇ ಕೈಯಲ್ಲಿ ಕುಟ್ಟತೊಡಗಿದ.

ಎರಡೂ ಐವತ್ತಕ್ಕೆ ವ್ಯಾನು ಬಂತು, ಹತ್ತು ನಿಮಿಷ ಮೊದಲೇ. ಚಾಲಕ ಇಂಜಿನ್ ಆರಿಸಲಿಲ್ಲ. ಹಿಂದಿನ ಕಿಟಕಿಯಲ್ಲಿ ನೀಲಿ ಕೋಟು, ಬಿಳಿ ಕೂದಲು, ನಮಗೆಲ್ಲ ಗೊತ್ತಿದ್ದ ಆ ಎರಡು ಕಣ್ಣು. ನನ್ನ ಕೈಯಲ್ಲಿದ್ದ ಸ್ಕ್ರೂ ಜಾರಿ ಕೆಸರಿಗೆ ಬಿತ್ತು.

"ಮುಂದಿನ ಊರಿಗೆ ಕತ್ತಲಾಗೋ ಮೊದ್ಲು ಹೋಗ್ಬೇಕು," ಎಂದು ಚಾಲಕ ಕೂಗಿದ. "ಮೂರಾದ್ರೆ ಹೊರಟೆ!"

ಡ್ರಿಲ್ಲು ಒಂದೇ ಸಮ ಕೂಗಿತು. ಕೊನೆಯ ಹಲಗೆ ಕೂತಿತು. ಡೆಲ್ಬರ್ಟ್ ಅದರ ಮೇಲೆ ನಿಂತು ಎರಡು ಸಲ ಕುಣಿದ, ಸೇತುವೆಗಳ ಮೇಲೆ ಕುಣಿಯುತ್ತಿದ್ದ ಹಾಗೆ. ಕೆಂಡ್ರಾ ಎರಡಡಿಯ ಮಟ್ಟಗೋಲನ್ನು ಇಟ್ಟು, ಕೆಳಗಿನ ಸಂದಿಗೆ ಟೇಪು ಹಿಡಿದಳು. ಎರಡು ಇಂಚಿಗಿಂತ ಹೆಚ್ಚಿದ್ದರೆ ಸಹಿ ಇಲ್ಲ. ಮೇಲೆ ಇಟ್ಟಳು, ನಡುವೆ ಇಟ್ಟಳು, ಕೊನೆಯ ತುಂಡಿನಲ್ಲಿ ಬಾಗಿ ಬಹಳ ಹೊತ್ತು ನೋಡಿದಳು. ಕನ್ನಡಕ ತೆಗೆದಳು, ಒರೆಸಿದಳು, ಮತ್ತೆ ಹಾಕಿದಳು. ವ್ಯಾನಿನ ಗೇರು ಬಿದ್ದ ಸದ್ದು.

"ಸರಿಯಾಗಿ ಎರಡು," ಎಂದಳು.

ಸಹಿ ಹಾಕಲು ಕಾಗದ ಎಲ್ಲಿಡುವುದೆಂದು ಹುಡುಕಿದಳು. ರೇನೋ ಬೆನ್ನು ಬಗ್ಗಿಸಿ ಕೊಟ್ಟ.

ಆರ್ಲೀನಳನ್ನು ಇಳಿಸಿದರು. ತಳ್ಳಲು ಹೋದ ಕ್ಲಿಫ್‌ನ ಕೈಯನ್ನು ಅವಳು ನೊಣ ಓಡಿಸಿದಂತೆ ಓಡಿಸಿದಳು. ತಾನೇ ಗಾಲಿ ತಿರುಗಿಸುತ್ತಾ ಸೌದೆಯ ಸಂದಿಗೆ ಬಂದು, ಎರಡು ಕಡೆಯ ಕಂಬಗಳನ್ನು ಮೇಲಿಂದ ಕೆಳಗೆ ನೋಡಿದಳು. ರೇನೋ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಎಡಗಡೇದು ಸೊಟ್ಟ ಇದೆ," ಎಂದಳು.

"ಅದು ಡೆಲ್ ಕಟ್ಟಿದ್ದು," ಎಂದ ರೇನೋ.

ಹತ್ತೊಂಬತ್ತು ವರ್ಷದಲ್ಲಿ ಅವರಾಡಿದ ಮೊದಲ ಮಾತು ಇದೇ. ಅವಳು ಮೂವತ್ತೊಂದು ಅಡಿಯನ್ನು ಏಳು ಸಲ ನಿಂತು ಹತ್ತಿದಳು. ನಾವು ಏಳು ಸಲ ಉಸಿರು ಹಿಡಿದೆವು. ಹೊಸ್ತಿಲು ದಾಟಿ, ಹಿಂದೆ ನೋಡದೆ ಬಾಗಿಲು ಹಾಕಿಕೊಂಡಳು. ಒಳಗೆ ಒಂದೊಂದೇ ದೀಪ ಹತ್ತಿದವು.

ವ್ಯಾನು ಖಾಲಿ ಹೋಯಿತು. ಡೆಲ್ಬರ್ಟ್ ಪಿಕಪ್ಪಿನ ಹಿಂಬದಿಯಲ್ಲಿ ಕೂತು, ಒಂದು ಕಾಗದದ ಮೇಲೆ ಏನೋ ಬರೆದು ರೇನೋಗೆ ಕೊಟ್ಟ. ಡಬ್ಬದ ವಿಷಯ, ಎಂಟು ಇಂಚು, ದಿನಾಂಕ, ಸಹಿ, ರಸ್ತೆ ಇಲಾಖೆಗೆ. ರೇನೋ ಎರಡು ಸಲ ಓದಿ, ಮಡಚಿ, ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ.

"ಇದು ನನ್ನ ಜಾಗದಲ್ಲಿ ಎಷ್ಟು ದಿನ ಇರುತ್ತೆ?" ಎಂದು ರ‍್ಯಾಂಪಿನ ಕಡೆ ಗದ್ದ ಎತ್ತಿ ಕೇಳಿದ.

"ಅವಳು ಇರೋವರೆಗೆ."

ರೇನೋ ದೀಪ ಹತ್ತಿದ ಅಡುಗೆಮನೆಯ ಕಿಟಕಿಯನ್ನು ನೋಡಿದ. ಒಳಗೆ ಪಾತ್ರೆಗಳು ಬಡಿದಾಡುತ್ತಿದ್ದವು. ಯಾರಿಗೋ ಬೈಗುಳ ಬೀಳುತ್ತಿತ್ತು, ಒಳಗೆ ಬೇರೆ ಯಾರೂ ಇರಲಿಲ್ಲವಾದರೂ.

"ಹಾಗಾದ್ರೆ ನಾನು ಸತ್ತ ಮೇಲೂ ಇರುತ್ತೆ," ಎಂದ ರೇನೋ, ಸೊಟ್ಟ ಕಂಬವನ್ನು ಬಿಚ್ಚಿ ಸರಿಯಾಗಿ ಕಟ್ಟಲು ಹೋದ.